ತೂಕ ಗೌರಿಗೂ ಕಾಣಬೇಕು: ಪರ್ಸೋನಾ ಇಟ್ಟುಕೊಂಡು ಹೊಸ ವಿನ್ಯಾಸ ಹುಡುಕುವ ಬಗೆ

ಜನವರಿಯ ಒಂದು ಸಂಜೆ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ದಿನವಿಡೀ ಕೊಯ್ದ ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಎಲೆ, ಕಡ್ಡಿ, ಹಸಿರು ಕಾಯಿ ಆರಿಸಿ, ಮತ್ತೆ ಚೀಲಕ್ಕೆ ತುಂಬಿ, ಎಲ್ಲರೂ ತೂಕಕ್ಕೆ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಚೀಲವನ್ನು ಯಂತ್ರದ ಮೇಲೆ ಇಡಿಸಿ, ಅಂಕಿ ನೋಡಿ, ಪುಸ್ತಕದಲ್ಲಿ ಬರೆದರು.

"ಎಷ್ಟು ಬಂತು ರೈಟ್ರೇ?" ಅಂತ ಚೀಲದ ಆಚೆ ನಿಂತಿದ್ದ ಹೆಂಗಸು ಕೇಳಿದರು.

"ನಲವತ್ತೇಳು."

ಆಕೆ ತಲೆಯಾಡಿಸಿ ಹಿಂದೆ ಸರಿದರು. ಯಂತ್ರದ ಮುಖ ಪೂರ್ತಿ ರೈಟರ್ ಕಡೆಗೆ ಇತ್ತು. ಆಕೆಯ ಕಡೆಗೆ ಇದ್ದದ್ದು ತಗಡಿನ ಬೆನ್ನು ಮಾತ್ರ.

ಅದರ ಹಿಂದಿನ ವರ್ಷ ನಾವು ಮೂವರು ಸೇರಿ ಕೊಯ್ಲಿನ ತೂಕ ಬರೆದಿಡುವ ಒಂದು ಆ್ಯಪ್ ಮಾಡಿದ್ದೆವು. ಹನ್ನೊಂದು ಪರದೆ, ಬಣ್ಣಬಣ್ಣದ ಗ್ರಾಫ್, ಎಲ್ಲವೂ ಇತ್ತು. ಕೊಟ್ಟ ಯಾವ ತೋಟದಲ್ಲೂ ಅದು ಎರಡು ವಾರ ದಾಟಿ ನಡೆಯಲಿಲ್ಲ. ಯಾಕೆ ಅಂತ ನನಗೆ ಹೊಳೆದದ್ದು ಆ ಸಂಜೆ. ಫೋನ್ ಹಿಡಿದವರನ್ನೇ ನಾವು ಬಳಕೆದಾರರು ಅಂದುಕೊಂಡಿದ್ದೆವು. ಚೀಲ ಹೊತ್ತು ತಂದವರು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಆಮೇಲೆ ಪರ್ಸೋನಾ ಮಾಡಿಕೊಂಡು ಮೊದಲಿನಿಂದ ಶುರು ಮಾಡಿದೆವು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನೀವು ಆ್ಯಪ್ ಮಾಡುವವರಿರಬಹುದು, ಜೇನಿನ ಬಾಟಲಿಗೆ ಹೊಸ ಮುಚ್ಚಳ ಯೋಚಿಸುವವರಿರಬಹುದು, ಹೋಮ್‌ಸ್ಟೇ ನಡೆಸುವವರಿರಬಹುದು. ದಾರಿ ಒಂದೇ.

ಪರ್ಸೋನಾ ಅಂದರೆ

ನೀವು ಮಾಡುವ ವಸ್ತುವನ್ನು ಬಳಸುವ ಒಬ್ಬ ವ್ಯಕ್ತಿಯ ಚಿತ್ರ. ವ್ಯಕ್ತಿ ಕಲ್ಪನೆಯದ್ದು. ಆದರೆ ಅವರ ಒಂದೊಂದು ಗುಣವೂ ನೀವು ನಿಜವಾಗಿ ಕಂಡ, ಕೇಳಿದ ಜನರಿಂದ ಬಂದಿರಬೇಕು. ಹೆಸರು ಇರುತ್ತದೆ, ದಿನಚರಿ ಇರುತ್ತದೆ, ಒಂದು ಗುರಿ ಮತ್ತು ಒಂದು ಕಿರಿಕಿರಿ ಇರುತ್ತದೆ.

ಈ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್. ಇದನ್ನು ಅವರು ಪುಸ್ತಕದಲ್ಲಿ ಬರೆದದ್ದು 1999ರಲ್ಲಿ. ಆದರೆ ಶುರುವಾದದ್ದು 1983ರಲ್ಲೇ. ಆಗ ಅವರು ಯೋಜನೆಗಳನ್ನು ನಿಭಾಯಿಸುವ ಒಂದು ಪ್ರೋಗ್ರಾಂ ಬರೆಯುತ್ತಿದ್ದರು. ಅಂಥ ಕೆಲಸ ಮಾಡುವ ಕೆಲವರನ್ನು ಮಾತಾಡಿಸಿದ್ದರು. ಅವರಲ್ಲಿ ಕ್ಯಾಥಿ ಎಂಬ ಒಬ್ಬ ಮಹಿಳೆ ಇದ್ದರು. ಆ ಕಾಲದ ಕಂಪ್ಯೂಟರು ಪ್ರೋಗ್ರಾಂ ಕಂಪೈಲ್ ಮಾಡಲು, ಅಂದರೆ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರಲು, ತುಂಬಾ ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಕೂಪರ್ ಹತ್ತಿರದ ಗಾಲ್ಫ್ ಮೈದಾನದಲ್ಲಿ ನಡೆಯುತ್ತಾ, ಕ್ಯಾಥಿಯಂಥ ಒಬ್ಬ ಮ್ಯಾನೇಜರ್ ತಾನೇ ಆದಂತೆ ಮಾತಾಡಿಕೊಳ್ಳುತ್ತಿದ್ದರು. ಇದು ನನಗೆ ಬೇಕು, ಇದು ಬೇಡ ಅಂತ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅವರಿಗೆ ಹಾಗೆ ತಿಳಿಯಾಗುತ್ತಿತ್ತು.

ಈ ಮೂಲ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇವತ್ತು ಎಷ್ಟೋ ಕಡೆ ಪರ್ಸೋನಾ ಅಂದರೆ ಗೋಡೆಗೆ ಅಂಟಿಸಿದ ಚೆಂದದ ಪೋಸ್ಟರ್. ಮೊದಲು ಅದು ಹಾಗಿರಲಿಲ್ಲ. ಇನ್ನೊಬ್ಬರಾಗಿ ನಿಂತು ಯೋಚಿಸುವ ಒಂದು ಬಗೆಯ ವೇಷ ಕಟ್ಟುವಿಕೆ ಆಗಿತ್ತು.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

'ಕಾಫಿ ಬೆಳೆಗಾರರಿಗೆ ಆ್ಯಪ್' ಅನ್ನುವುದು ಪ್ರಶ್ನೆ ಅಲ್ಲ. ನಾವು ಎರಡನೇ ಸಲ ಬರೆದದ್ದು ಇದು: 'ಕೊಯ್ಲಿನ ಸಂಜೆ ತೂಕ ಮಾಡುವಾಗ ಯಾರಿಗೆ ಏನು ಕಷ್ಟ ಆಗುತ್ತದೆ?' ಇದರಲ್ಲಿ ಹೊತ್ತು ಇದೆ, ಜಾಗ ಇದೆ, ಕೆಲಸ ಇದೆ. ಏನು ತಯಾರಿಸಬೇಕು ಅನ್ನುವುದು ಮಾತ್ರ ಇಲ್ಲ. ಅದನ್ನು ಈಗಲೇ ಬರೆದರೆ ಮುಂದೆ ಬೇರೆ ಏನೂ ಹೊಳೆಯುವುದಿಲ್ಲ.

ಹೆಜ್ಜೆ 2: ಹೋಗಿ ನಿಲ್ಲಿ, ನೋಡಿ, ಆಮೇಲೆ ಕೇಳಿ

ಇದಕ್ಕೆ ಉಳಿದ ಎಲ್ಲ ಹೆಜ್ಜೆಗಿಂತ ಜಾಸ್ತಿ ಸಮಯ ಕೊಡಿ. ಒಂದೇ ಕೆಲಸದ ಸುತ್ತ ಇರುವ ಆರೆಂಟು ಜನರನ್ನು ಸರಿಯಾಗಿ ಕಂಡರೆ ಶುರು ಮಾಡಲು ಸಾಕು. ನೂರು ಜನಕ್ಕೆ ಫೋನಿನಲ್ಲಿ ಫಾರ್ಮ್ ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಯಾವಾಗ ಹೋಗಬೇಕು? ಕೆಲಸ ನಡೆಯುವ ಹೊತ್ತಿಗೇ ಹೋಗಬೇಕು. ನಮ್ಮ ವಿಷಯದಲ್ಲಿ ಅದು ಸಂಜೆಯ ತೂಕದ ಹೊತ್ತು, ಮತ್ತೆ ಬಟವಾಡೆಯ ದಿನ. ತೋಟದವರ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ಆದರೆ ಲೈನ್ ಮನೆಯವರ (ತೋಟದ ಕೆಲಸಗಾರರ ಸಾಲುಮನೆಗಳಲ್ಲಿ ಇರುವವರ) ಜೊತೆ ಮಾತಾಡಲು ಹೋಗುವಾಗ ತೋಟದ ಸಾಹುಕಾರರನ್ನೋ ರೈಟರನ್ನೋ ಕರೆದುಕೊಂಡು ಹೋಗಬೇಡಿ. ಅವರ ಎದುರಿಗೆ ಯಾರೂ "ಎಲ್ಲ ಚೆನ್ನಾಗಿದೆ" ಅನ್ನುವುದನ್ನು ಬಿಟ್ಟು ಬೇರೆ ಹೇಳುವುದಿಲ್ಲ.

ಕೊಡಗಿನಲ್ಲಿ ಭಾಷೆಯ ವಿಷಯವೂ ಇದೆ. ಒಂದೇ ಕಣದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ, ಕನ್ನಡ ಎಲ್ಲ ಕಿವಿಗೆ ಬೀಳುತ್ತವೆ. ಈಗ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ನಿಮಗೆ ಬಾರದ ಭಾಷೆ ಆದರೆ, ಅವರಲ್ಲೇ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಅವರ ಸಮಯಕ್ಕೆ ಕೂಲಿ ಕೊಡಿ.

"ಇಂಥದ್ದು ಮಾಡಿಕೊಟ್ಟರೆ ಬಳಸುತ್ತೀರಾ?" ಅಂತ ಕೇಳಬೇಡಿ. ಹೂಂ ಅಂತಾರೆ. ಮರ್ಯಾದೆಗೆ ಅನ್ನುವ ಹೂಂ ಅದು. ಬದಲಿಗೆ, "ನಿನ್ನೆ ತೂಕ ಹೇಗಾಯ್ತು ಅಕ್ಕ, ಮೊದಲಿಂದ ಹೇಳಿ" ಅನ್ನಿ. "ಹೋದ ಸಲ ಲೆಕ್ಕ ತಪ್ಪಿದಾಗ ಏನು ಮಾಡಿದ್ರಿ?" ಅನ್ನಿ. ಆಗಿಹೋದದ್ದನ್ನು ಹೇಳುವಾಗ ಜನ ಸಣ್ಣ ಸಣ್ಣ ವಿವರ ಬಿಡುವುದಿಲ್ಲ. ನಿಮಗೆ ಬೇಕಾದ್ದು ಅದೇ.

ಅವರು ಬಳಸುವ ಮಾತು, ಅಳತೆ ಎರಡನ್ನೂ ಹಾಗೇ ಬರೆದುಕೊಳ್ಳಿ. ನಮ್ಮಲ್ಲಿ ಮಳೆ ಎಷ್ಟು ಬಂತು ಅಂದರೆ ಬೆಳೆಗಾರರು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಒಂದು ಇಂಚು ಅಂದರೆ 25.4 ಮಿಲಿಮೀಟರ್. "ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು" ಅನ್ನುವವರಿಗೆ 30.5 ಮಿಲಿಮೀಟರ್ ಅಂತ ತೋರಿಸುವ ಆ್ಯಪ್ ಕೊಟ್ಟರೆ, ಅವರು ಅದನ್ನು ಪಕ್ಕಕ್ಕಿಟ್ಟು ಹಳೆಯ ಮಳೆ ಪುಸ್ತಕವನ್ನೇ ತೆರೆಯುತ್ತಾರೆ. ಇದು ವಿಷಯದಿಂದ ಸ್ವಲ್ಪ ಆಚೆಗಿನ ಮಾತು. ಆದರೂ ಮಳೆಯ ಆ್ಯಪ್ ಮಾಡುವವರು ಯಾರಾದರೂ ಇದನ್ನು ಓದಲಿ ಅಂತ ಆಸೆ.

ಹೆಜ್ಜೆ 3: ಜಾತಿ, ವಯಸ್ಸಿನಿಂದ ವಿಂಗಡಿಸಬೇಡಿ. ನಡವಳಿಕೆಯಿಂದ ವಿಂಗಡಿಸಿ

ಕಂಡದ್ದು, ಕೇಳಿದ್ದು ಎಲ್ಲ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ಈಗ ಒಂದು ಸೆಳೆತ ಬರುತ್ತದೆ. ಎಕರೆ ಲೆಕ್ಕದಲ್ಲೋ, ಜನಾಂಗದ ಲೆಕ್ಕದಲ್ಲೋ, ವಯಸ್ಸಿನ ಲೆಕ್ಕದಲ್ಲೋ ಗುಂಪು ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ಇಂಥವರು ಹೀಗೇ ಅಂತ ನಾವು ಮೊದಲೇ ನಂಬಿದ್ದು ಮಾತ್ರ ಅದರಿಂದ ಹೊರಗೆ ಬರುತ್ತದೆ. ಹೊಸದೇನೂ ಸಿಗುವುದಿಲ್ಲ, ಜನರಿಗೂ ಅವಮಾನ.

ನಮ್ಮ ಚೀಟಿಗಳಲ್ಲಿ ಮೂರು ಗೆರೆ ಕಂಡವು. ಲೆಕ್ಕವನ್ನು ತಾವೇ ಬರೆದಿಡುವವರು ಮತ್ತು ಇನ್ನೊಬ್ಬರ ಪುಸ್ತಕ ನಂಬುವವರು. ತಪ್ಪಾದರೆ ಅಲ್ಲೇ ಕೇಳುವವರು ಮತ್ತು ಸುಮ್ನೆ ಇರುವವರು. ತೂಕದ ಹೊತ್ತಿಗೆ ಕೈ ಖಾಲಿ ಇರುವವರು ಮತ್ತು ಇಲ್ಲದವರು. ಮೂರನೆಯದ್ದು ನಮ್ಮ ಊಹೆಯಲ್ಲೇ ಇರಲಿಲ್ಲ. ಮುಂದೆ ಅದೇ ಜಾಸ್ತಿ ಕೆಲಸಕ್ಕೆ ಬಂತು.

ಹೆಜ್ಜೆ 4: ಒಂದೇ ಹಾಳೆ ಬರೆಯಿರಿ

ನಾವು ಮೂರು ಪರ್ಸೋನಾ ಮಾಡಿದೆವು. ಹೆಸರು ನಾವು ಇಟ್ಟದ್ದು. ಅವುಗಳಲ್ಲಿ ಒಂದು ಹಾಳೆ ಹೀಗಿತ್ತು:

ಗೌರಿ, 32 ವರ್ಷ. ಲೈನ್ ಮನೆಯಲ್ಲಿ ಗಂಡ, ಇಬ್ಬರು ಮಕ್ಕಳ ಜೊತೆ ವಾಸ. ಕಿಲೋ ಲೆಕ್ಕದ ಕೂಲಿಗೆ ಹಣ್ಣು ಕೊಯ್ಯುತ್ತಾಳೆ. ಅಂಕಿ ಚೆನ್ನಾಗಿ ಓದುತ್ತಾಳೆ, ಉದ್ದದ ಬರಹ ಓದುವುದಿಲ್ಲ. ಮನೆಯ ಒಂದೇ ಫೋನ್ ಗಂಡನ ಜೇಬಿನಲ್ಲಿ ಇರುತ್ತದೆ. ದಿನದ ತೂಕವನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ನಿನಲ್ಲಿ ಬರೆದಿಡುತ್ತಾಳೆ. ಚೀಲದ ತೂಕ ಅಂತ ಎಷ್ಟು ಕಳೆಯುತ್ತಾರೆ ಅನ್ನುವುದು ಅವಳಿಗೆ ಗೊತ್ತಿಲ್ಲ. ಬಟವಾಡೆ ದಿನ ಕ್ಯಾಲೆಂಡರಿಗೂ ಪುಸ್ತಕಕ್ಕೂ ತಾಳೆ ಆಗದಿದ್ದರೂ ಎಲ್ಲರ ಮುಂದೆ ಕೇಳುವುದಿಲ್ಲ. ಬೇಕಾದ್ದು: ಯಾರನ್ನೂ ಕೇಳದೆ ತನ್ನ ತೂಕ ತನಗೆ ತಿಳಿಯಬೇಕು.

ಅಷ್ಟೇ. ಅವಳಿಗೆ ಇಷ್ಟದ ಬಣ್ಣ, ನೋಡುವ ಧಾರಾವಾಹಿ, ನಗುಮುಖದ ಫೋಟೋ, ಯಾವುದೂ ಇಲ್ಲ. ತೂಕದ ಕೆಲಸಕ್ಕೆ ಸಂಬಂಧ ಇಲ್ಲದ ವಿವರ ಹಾಳೆ ತುಂಬಿಸುತ್ತದೆ, ಯೋಚನೆಗೆ ಸಹಾಯ ಮಾಡುವುದಿಲ್ಲ. ನೀವು ಮಾತಾಡಿಸಿದ ಯಾರ ನಿಜ ಹೆಸರೂ, ಫೋಟೋ, ತೋಟದ ಹೆಸರೂ ಹಾಳೆಯಲ್ಲಿ ಬರಬಾರದು. ಸಣ್ಣ ಊರು. ಎರಡು ವಿವರ ಸಿಕ್ಕರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ.

ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ಕಂಡದ್ದಕ್ಕೆ 'ಕ', ಕೇಳಿದ್ದಕ್ಕೆ 'ಕೇ', ಊಹೆಗೆ 'ಊ'. ಹಾಳೆಯಲ್ಲಿ 'ಊ' ಜಾಸ್ತಿ ಇದ್ದರೆ ಎರಡನೇ ಹೆಜ್ಜೆಗೆ ವಾಪಸ್ ಹೋಗಿ. ಈಚೆಗೆ ಚಾಟ್‌ಬಾಟ್‌ಗೆ ಹೇಳಿ ಹತ್ತು ನಿಮಿಷದಲ್ಲಿ ಪರ್ಸೋನಾ ಬರೆಸುವವರು ಇದ್ದಾರೆ. ಆ ಹಾಳೆ ಪೂರ್ತಿ 'ಊ'. ಕ್ಯಾಲೆಂಡರಿನ ಚೌಕ ಅದರಲ್ಲಿ ಬರುವುದಿಲ್ಲ, ಯಾಕೆಂದರೆ ಆ ಗೋಡೆಯ ಮುಂದೆ ಯಾರೂ ನಿಂತಿರುವುದಿಲ್ಲ.

ಉಳಿದ ಇಬ್ಬರು: ರೈಟರ್ ಗಣೇಶ, 41. ಕತ್ತಲಾಗುವ ಮೊದಲು ನಲವತ್ತು ಚೀಲ ತೂಗಬೇಕು. ಬೆರಳೆಲ್ಲ ಹಣ್ಣಿನ ಅಂಟು, ಟಾರ್ಚು ಕುತ್ತಿಗೆಯ ಸಂದಿಯಲ್ಲಿ. ರಾತ್ರಿ ಮನೆಯಲ್ಲಿ ಕೂತು ಎಲ್ಲವನ್ನೂ ಚೆಕ್‌ರೋಲಿಗೆ (ಕೂಲಿ ಲೆಕ್ಕದ ಪುಸ್ತಕಕ್ಕೆ) ಮತ್ತೆ ಬರೆಯುತ್ತಾನೆ. ಜನ ತನ್ನನ್ನು ನಂಬುವುದಿಲ್ಲ ಅನ್ನುವ ನೋವಿದೆ. ಪೊನ್ನಮ್ಮ, 63. ಆರು ಎಕರೆ, ರೈಟರ್ ಇಲ್ಲ, ತೂಕ ತಾನೇ ಮಾಡುತ್ತಾರೆ. ಕನ್ನಡಕ ಮನೆಯಲ್ಲಿ ಮರೆತು ಬರುತ್ತಾರೆ.

ಗಣೇಶನ ಹಾಳೆ ಬರೆಯುವವರೆಗೆ ನಾವು ರೈಟರನ್ನು ಎದುರಾಳಿ ಅಂತಲೇ ನೋಡುತ್ತಿದ್ದೆವು. ಅದು ತಪ್ಪಾಗಿತ್ತು. ಗೌರಿಗೆ ಬೇಕಾದ ನಂಬಿಕೆಯೇ ಅವನಿಗೂ ಬೇಕಿತ್ತು.

ಹೆಜ್ಜೆ 5: ಈಗ ಹಾಳೆಯನ್ನು ದುಡಿಸಿ

ಇಲ್ಲಿಗೆ ಬಂದು ನಿಲ್ಲಿಸುವವರೇ ಜಾಸ್ತಿ. ಹಾಳೆ ಚೆನ್ನಾಗಿ ಬಂತು, ಇನ್ನು ಹಳೆಯ ಯೋಚನೆಗೇ ವಾಪಸ್ ಹೋಗೋಣ ಅಂತ. ಅಲ್ಲ. ಹೊಸತು ಹುಟ್ಟುವುದು ಇಲ್ಲೇ. ನಾವು ಮಾಡಿದ ನಾಲ್ಕು ಆಟ ಹೇಳುತ್ತೇನೆ.

ಮೊದಲನೆಯದ್ದು, ಒಬ್ಬರಿಗಾಗಿ ಮಾತ್ರ. ಹದಿನೈದು ನಿಮಿಷ. ಗೌರಿಗೆ ಮಾತ್ರ ಯೋಚಿಸಿ. ಲಾಭ, ಖರ್ಚು, ಬೇರೆಯವರು ಯಾವುದೂ ಲೆಕ್ಕಕ್ಕಿಲ್ಲ. ನಮಗೆ ಆಗ ಬಂದವು: ಎರಡೂ ಕಡೆ ಅಂಕಿ ಕಾಣುವ ಯಂತ್ರ, ತೂಕವನ್ನು ಗಟ್ಟಿಯಾಗಿ ಹೇಳುವ ಯಂತ್ರ, ಖಾಲಿ ಚೀಲವನ್ನು ಮೊದಲು ಇಟ್ಟು ಎಲ್ಲರ ಮುಂದೆ ಸೊನ್ನೆ ಮಾಡುವ ಗುಂಡಿ, ಮತ್ತೆ ಕೊಯ್ಲಿನ ಕ್ಯಾಲೆಂಡರ್. ಕೊನೆಯದ್ದರಲ್ಲಿ ನಾವು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ಅವಳು ಆಗಲೇ ಮಾಡುತ್ತಿದ್ದುದಕ್ಕೆ ದೊಡ್ಡ ಚೌಕ, ವಾರದ ಮೊತ್ತ ಬರೆಯಲು ಜಾಗ ಕೊಟ್ಟೆವು. ಜನ ತಾವೇ ಮಾಡಿಕೊಂಡ ಇಂಥ ಸಣ್ಣ ಉಪಾಯ ಕಂಡರೆ ಬಿಡಬೇಡಿ. ಅರ್ಧ ವಿನ್ಯಾಸ ಅಲ್ಲೇ ಆಗಿರುತ್ತದೆ.

ಎರಡನೆಯದ್ದು, ಕಿತ್ತುಕೊಳ್ಳುವ ಆಟ. ಗಣೇಶನ ಹಾಳೆ ಮುಂದಿಟ್ಟು ಒಂದೊಂದೇ ತೆಗೆಯಿರಿ. ನೆಟ್‌ವರ್ಕ್ ಇಲ್ಲ. ಬೆಳಕಿಲ್ಲ. ಎರಡು ಕೈಯೂ ಖಾಲಿ ಇಲ್ಲ. ಬೆರಳು ಅಂಟು, ಟಚ್‌ಸ್ಕ್ರೀನ್ ಕೆಲಸ ಮಾಡುವುದಿಲ್ಲ. ಹೆಸರು ಟೈಪ್ ಮಾಡುವುದನ್ನೂ ಕಿತ್ತುಕೊಂಡಾಗ ನಮ್ಮ ಗುಂಪಿನ ಒಬ್ಬಳು, "ಹಾಗಾದ್ರೆ ಚೀಲವೇ ತನ್ನ ಹೆಸರು ಹೇಳಲಿ" ಅಂದಳು. ಅದರಿಂದ ಬಂದದ್ದು ಮರದ ಬಿಲ್ಲೆ. ಪ್ರತಿಯೊಬ್ಬರಿಗೂ ಒಂದು ಚಿತ್ರ: ಆನೆ, ಜೇನು, ಕಿತ್ತಳೆ, ನವಿಲು. ಬಿಲ್ಲೆಯನ್ನು ಚೀಲದ ಬಾಯಿಗೆ ಕಟ್ಟಿರುತ್ತಾರೆ. ಯಾವ ಭಾಷೆಯವರಾದರೂ ತಮ್ಮ ಚಿತ್ರ ಗುರುತಿಸುತ್ತಾರೆ, ಗಣೇಶ ಹೆಸರು ಬರೆಯಬೇಕಿಲ್ಲ.

ಮೂರನೆಯದ್ದು, ತುದಿಯವರಿಂದ ಶುರು ಮಾಡುವುದು. ಎಲ್ಲರಿಗಿಂತ ಜಾಸ್ತಿ ಕಷ್ಟ ಪಡುವವರು ಯಾರೋ ಅವರಿಗಾಗಿ ಮಾಡಿ. ಇದಕ್ಕೆ ಅಡುಗೆಮನೆಯ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ತರಕಾರಿ ಸಿಪ್ಪೆ ತೆಗೆಯುವ ಸಣ್ಣ ಹಿಡಿಯ ಪೀಲರ್ ಹಿಡಿಯಲು ನೋವು. ಅವರಿಗಾಗಿ ಯೋಚಿಸಿದ ದಪ್ಪ, ಮೆತ್ತಗಿನ ರಬ್ಬರ್ ಹಿಡಿಯ ಸಾಮಾನು 1990ರಲ್ಲಿ ಆಕ್ಸೋ ಗುಡ್ ಗ್ರಿಪ್ಸ್ ಹೆಸರಲ್ಲಿ ಅಂಗಡಿಗೆ ಬಂತು. ಕೈ ನೋವಿಲ್ಲದವರೂ ಅದನ್ನೇ ಕೊಂಡರು. ನಮ್ಮಲ್ಲಿ ಕನ್ನಡಕ ಮರೆತ ಪೊನ್ನಮ್ಮನಿಗಾಗಿ ಅಂಕಿಯನ್ನು ಅಂಗೈಯಷ್ಟು ದೊಡ್ಡದು ಮಾಡಿದೆವು. ಮಬ್ಬು ಬೆಳಕಿನಲ್ಲಿ ಅದು ಎಲ್ಲರಿಗೂ ಬೇಕಾಗಿತ್ತು.

ನಾಲ್ಕನೆಯದ್ದು, ಇಬ್ಬರನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಆಡುವುದು. ಮರಳು ತುಂಬಿದ ಚೀಲ ತಂದೆವು. ಒಬ್ಬರು ಗೌರಿ, ಒಬ್ಬರು ಗಣೇಶ. ಮಾತಾಡುವ ಯಂತ್ರ ನಮ್ಮೆಲ್ಲರ ಮುದ್ದಿನ ಯೋಚನೆ ಆಗಿತ್ತು. ಯಂತ್ರದ ಬದಲು ನಾನು ಗಟ್ಟಿಯಾಗಿ "ಮೂವತ್ತೊಂದು ಕಿಲೋ" ಅಂದೆ. ಗೌರಿಯಾಗಿ ನಿಂತವಳು ತಕ್ಷಣ ಹಿಂದೆ ತಿರುಗಿ ಸಾಲಿನ ಕಡೆ ನೋಡಿದಳು. "ಎಲ್ಲರಿಗೂ ಯಾಕೆ ಕೇಳಿಸ್ಬೇಕು?" ಅಂದಳು. ಹುಷಾರಿಲ್ಲದ ದಿನ ಕಡಿಮೆ ಕೊಯ್ದಿದ್ದರೆ ಅದು ಊರಿಗೆಲ್ಲ ಸಾರಿದ ಹಾಗೆ ಆಗುತ್ತದೆ, ಅಲ್ವಾ? ಆ ಯೋಚನೆ ಅಲ್ಲಿಗೇ ಕೈಬಿಟ್ಟೆವು. ಕಾಗದದ ಮೇಲೆ ಆರು ತಿಂಗಳು ಚರ್ಚೆ ಮಾಡಿದ್ದರೂ ಇದು ನಮಗೆ ಗೊತ್ತಾಗುತ್ತಿರಲಿಲ್ಲ.

ಹೆಜ್ಜೆ 6: ಒಬ್ಬರನ್ನು ಮುಂದೆ ನಿಲ್ಲಿಸಿ, ಸರಾಸರಿ ಮಾಡಬೇಡಿ

ಮೂವರಿಗೂ ಸ್ವಲ್ಪ ಸ್ವಲ್ಪ ಹಿಡಿಸುವ ಹಾಗೆ ಮಾಡೋಣ ಅನ್ನುವ ಮಾತು ಬಂದೇ ಬರುತ್ತದೆ. ಇದಕ್ಕೆ ನಾನು ಪ್ರತಿ ಸಲ ಹೇಳುವ ಒಂದು ಸಂಗತಿ ಇದೆ. 1950ರಲ್ಲಿ ಅಮೆರಿಕದ ವಾಯುಪಡೆ ವಿಮಾನದ ಕಾಕ್‌ಪಿಟ್ ಸರಿಮಾಡಲು 4,063 ಪೈಲಟ್‌ಗಳ ದೇಹದ ಅಳತೆ ತೆಗೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ ಅದರಲ್ಲಿ ಹತ್ತು ಅಳತೆ ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸು ಇರುವವರು ಎಷ್ಟು ಜನ ಅಂತ ಹುಡುಕಿದರು. ಒಬ್ಬರೂ ಇರಲಿಲ್ಲ. ಸರಾಸರಿ ಪೈಲಟ್‌ಗೆ ಮಾಡಿದ ಕಾಕ್‌ಪಿಟ್ ಯಾರಿಗೂ ಸರಿಯಾಗಿ ಹೊಂದುತ್ತಿರಲಿಲ್ಲ. ಆಮೇಲೆ ಹಿಂದೆ ಮುಂದೆ ಸರಿಯುವ ಸೀಟು, ಪೆಡಲ್ ಬಂದವು.

ಹಾಗಾಗಿ ಒಬ್ಬರನ್ನು ಆರಿಸಿ. ಯಾರಿಗಾಗಿ ಮಾಡಿದರೆ ಉಳಿದವರಿಗೂ ತೊಂದರೆ ಆಗುವುದಿಲ್ಲವೋ, ಯಾರನ್ನು ಬಿಟ್ಟರೆ ವಸ್ತುವೇ ಸೋಲುತ್ತದೋ ಅವರನ್ನು. ನಾವು ಗೌರಿಯನ್ನು ಆರಿಸಿದೆವು. ದುಡ್ಡು ಕೊಟ್ಟು ಕೊಳ್ಳುವವರು ಸಾಹುಕಾರರು, ಅವರನ್ನು ಮುಂದೆ ನಿಲ್ಲಿಸಬೇಕು ಅಂತ ಗುಂಪಿನಲ್ಲಿ ವಾದ ಆಯಿತು. ಆದರೆ ಗೌರಿ ನಂಬದ ಯಂತ್ರವನ್ನು ಹಿಂದಿನ ವರ್ಷವೇ ಮಾಡಿ ನೋಡಿದ್ದೆವು.

ಹೆಜ್ಜೆ 7: ಅಗ್ಗದ ಮಾದರಿ ಮಾಡಿ, ನಿಜವಾದ ಗೌರಿಯರ ಮುಂದೆ ಇಡಿ

ಪರ್ಸೋನಾ ಒಪ್ಪಿತು ಅಂತ ಜನ ಒಪ್ಪುತ್ತಾರೆ ಅಂದುಕೊಳ್ಳಬೇಡಿ. ಮೊದಲ ಮಾದರಿಯಲ್ಲಿ ನಾವು ಯಂತ್ರದ ಎದುರಿಗೆ ಒಂದು ಕನ್ನಡಿ ಕಟ್ಟಿದೆವು. ಆಚೆಯವರಿಗೂ ಅಂಕಿ ಕಾಣಲಿ ಅಂತ. ಖರ್ಚು ಏನೂ ಇಲ್ಲ, ಎಲ್ಲರಿಗೂ ಖುಷಿ. ತೋಟದಲ್ಲಿ ಇಟ್ಟ ಮೊದಲ ಸಂಜೆಯೇ ಗಲಾಟೆ. ಡಿಜಿಟಲ್ ಅಂಕಿಯಲ್ಲಿ ಎರಡನ್ನು ಕನ್ನಡಿಯಲ್ಲಿ ನೋಡಿದರೆ ಐದರ ಹಾಗೆ ಕಾಣುತ್ತದೆ, ಐದು ಎರಡರ ಹಾಗೆ. ನಂಬಿಕೆ ಬರಲಿ ಅಂತ ಮಾಡಿದ್ದು ಅನುಮಾನ ಜಾಸ್ತಿ ಮಾಡಿತು. ಮರುದಿನವೇ ಕನ್ನಡಿ ಬಿಚ್ಚಿದೆವು.

ಎರಡನೇ ಸಲ ತಂತಿಯಲ್ಲಿ ಇನ್ನೊಂದು ಅಂಕಿಫಲಕ ಎಳೆದು ಆಚೆ ಬದಿಗೆ ಕೂರಿಸಿದೆವು. ದಿನಸಿ ಅಂಗಡಿಯ ಯಂತ್ರದಲ್ಲಿ ಗಿರಾಕಿಯ ಕಡೆಗೂ ಅಂಕಿ ಇರುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಅಂಗಡಿಯ ಆ ಏರ್ಪಾಡು ಕಾಫಿ ಕಣಕ್ಕೆ ಬರಬಹುದು ಅನ್ನುವುದು ಗೌರಿಯ ಹಾಳೆ ಎದುರಿಗೆ ಇಟ್ಟುಕೊಳ್ಳುವವರೆಗೆ ನಮಗೆ ಹೊಳೆದಿರಲಿಲ್ಲ.

ಮಾದರಿ ಇಟ್ಟಾಗ ವಿವರಿಸಬೇಡಿ. ಸುಮ್ನೆ ಪಕ್ಕದಲ್ಲಿ ನಿಂತು, ಕಣ್ಣು ಎತ್ತ ಹೋಗುತ್ತದೆ, ಕೈ ಎಲ್ಲಿ ನಿಲ್ಲುತ್ತದೆ ನೋಡಿ. ನಮ್ಮಲ್ಲಿ ಹೆಂಗಸರು ಚೀಲ ಇಟ್ಟ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಅಂಕಿ ನಿಲ್ಲುವವರೆಗೆ ಕಾದರು. ಆಮೇಲೆ ರೈಟರ್ ಬಾಯಿ ತೆರೆಯುವ ಮೊದಲೇ, "ನಲವತ್ತೆರಡು, ಬರ್ಕೊಳ್ಳಿ" ಅಂದರು.

ಹೆಜ್ಜೆ 8: ಕೊಯ್ಲು ಮುಗಿದ ಮೇಲೆ ಹಾಳೆ ತಿದ್ದಿ

ಜನ ಬದಲಾಗುತ್ತಾರೆ, ಹಾಳೆಯೂ ಬದಲಾಗಬೇಕು. ವರ್ಷಕ್ಕೆ ಒಂದು ಸಲ, ಕೊನೆಯ ಬಟವಾಡೆ ಆದ ಮೇಲೆ, ಮತ್ತೆ ನಾಲ್ಕೈದು ಜನರನ್ನು ಕಂಡು ಬನ್ನಿ. ಒಂದೊಂದು ಸಾಲನ್ನೂ ಓದಿ ಇದು ಈಗಲೂ ನಿಜವೇ ಅಂತ ಕೇಳಿಕೊಳ್ಳಿ.

ಎರಡನೇ ಕೊಯ್ಲು ಮುಗಿದಾಗ ಗೌರಿಯ ಹಾಳೆಯಲ್ಲಿ 'ಫೋನ್ ಗಂಡನ ಜೇಬಿನಲ್ಲಿ' ಅನ್ನುವ ಸಾಲಿಗೆ ಗೀಟು ಹಾಕಿದೆವು. ಆ ಸಲ ಮಾತಾಡಿಸಿದ ಐದು ಹೆಂಗಸರಲ್ಲಿ ಮೂವರ ಹತ್ತಿರ ಸ್ವಂತ ಫೋನ್ ಇತ್ತು. ಒಬ್ಬರು ಪ್ರತಿ ಶನಿವಾರ ಕ್ಯಾಲೆಂಡರಿನ ಫೋಟೋ ತೆಗೆದು ಊರಲ್ಲಿರುವ ತಾಯಿಗೆ ಕಳಿಸುತ್ತಿದ್ದರು, ಈ ವಾರ ಎಷ್ಟು ದುಡಿದೆ ಅಂತ ತಿಳಿಯಲಿ ಅಂತ. ಮುಂದಿನ ಸಲದ ಕ್ಯಾಲೆಂಡರಿನಲ್ಲಿ ವಾರದ ಮೊತ್ತದ ಚೌಕವನ್ನು ಇನ್ನೂ ದೊಡ್ಡದು ಮಾಡಿ, ಫೋಟೋದಲ್ಲಿ ಬೆಳಕು ಹೊಡೆಯದ ಹಾಗೆ ಹೊಳಪಿಲ್ಲದ ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ.